ಹಿಂದಿನ ಸೀಟಿನಿಂದ ಕಂಡ ಚರಿತ್ರೆ

ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದುದು ಕದಂಬರೂ ಅಲ್ಲ, ಹೊಯ್ಸಳರೂ ಅಲ್ಲ. ದೋಹಾದ ನಮ್ಮ ಮನೆಯ ಮುಂದೆ ಧೂಳು ಹೊದ್ದು ನಿಂತಿದ್ದ ಒಂದು ಪುಟ್ಟ ಜೀಪು. ಪುತ್ತೂರಿನ ಕಾಲೇಜಿನಲ್ಲಿ ಇತಿಹಾಸವನ್ನು ಮುಖ್ಯ ವಿಷಯವಾಗಿ ಓದಿ ಬಿ.ಎ. ಪದವಿ ಪಡೆದು, ಆ ಬಳಿಕ ಮೂರು ದಶಕಗಳ ಕಾಲ ಅಡುಗೆಮನೆಯ ಆಚೆಗೆ ಹೆಚ್ಚೇನನ್ನೂ ಆಳದವಳು ನಾನು. ಇಂಥವಳಿಗೂ ವಾಹನದ ಸ್ಪ್ರಿಂಗಿಗೂ ಏನು ನಂಟು ಎಂದು ಓದುಗರು ಹುಬ್ಬೇರಿಸಿದರೆ ತಪ್ಪಿಲ್ಲ. ನಂಟು ಬೆನ್ನಿನದು. ಅದೂ ನನ್ನ ಬೆನ್ನಲ್ಲ, ನಮ್ಮ ಅತ್ತೆಯವರದು.

2024ರ ಡಿಸೆಂಬರಿನಲ್ಲಿ ಅತ್ತೆಯವರು ಸುಳ್ಯದಿಂದ ನಮ್ಮಲ್ಲಿಗೆ ಬಂದರು. ವಯಸ್ಸು ಎಪ್ಪತ್ತೊಂಬತ್ತು; ಸೊಂಟದ ಬಳಿ ಬೆನ್ನುಮೂಳೆ ಸವೆದಿದೆ. ಆದರೆ ಆಸೆ ಸವೆದಿರಲಿಲ್ಲ. ಕತಾರಿನ ದಕ್ಷಿಣ ತುದಿಯಲ್ಲಿ ಸಮುದ್ರವು ಮರಳ ದಿಬ್ಬಗಳನ್ನು ಸೀಳಿಕೊಂಡು ಒಳಗೆ ಬಂದಿರುವ ಖೋರ್ ಅಲ್ ಅದೈದ್ ಎಂಬ ಸ್ಥಳವಿದೆಯೆಂದು ಮೊಮ್ಮಗ ಫೋನಿನಲ್ಲಿ ಹೇಳಿದ್ದನ್ನು ಅವರು ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದರು. ಅಲ್ಲಿಗೆ ಡಾಮರು ರಸ್ತೆಯಿಲ್ಲ. ಮರಳಿನ ಮೇಲೆಯೇ ಹೋಗಬೇಕು, ನಾಲ್ಕೂ ಚಕ್ರಗಳಿಗೆ ಬಲವಿರುವ ಗಾಡಿಯಲ್ಲೇ ಹೋಗಬೇಕು. ಮಗನು ಅದೇ ವರ್ಷ ಅಂಥದೊಂದು ಸಣ್ಣ ಗಾಡಿಯನ್ನು ಮೂರನೆಯ ಕೈಯಿಂದ ಕೊಂಡಿದ್ದ. ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ನಮ್ಮ ಊರ ಕಡೆ ಗುಡ್ಡ ಹತ್ತುವ ಚೌಕಾಕಾರದ ಗಾಡಿಗಳೆಲ್ಲವೂ ಜೀಪುಗಳೇ ಆದ್ದರಿಂದ ನಾನೂ ಜೀಪೆಂದೇ ಕರೆಯುತ್ತೇನೆ.

ಪರೀಕ್ಷೆಗೆಂದು ಮೊದಲು ಪಶ್ಚಿಮ ಕರಾವಳಿಯ ಝಕ್ರೀತಿಗೆ ಹೋದೆವು. ಅಮೆರಿಕದ ಶಿಲ್ಪಿ ರಿಚರ್ಡ್ ಸೆರ್ರಾ 2014ರಲ್ಲಿ ಅಲ್ಲಿನ ಬಟ್ಟಬಯಲಿನಲ್ಲಿ ಹದಿನಾಲ್ಕು ಮೀಟರಿಗೂ ಎತ್ತರದ ನಾಲ್ಕು ಉಕ್ಕಿನ ಫಲಕಗಳನ್ನು ನಿಲ್ಲಿಸಿದ್ದಾನೆ. ದುಖಾನ್ ಹೆದ್ದಾರಿ ಮುಗಿದ ಮೇಲೆ ಅಲ್ಲಿಗೆ ಹೋಗುವ ದಾರಿ ಕಲ್ಲುಜಲ್ಲಿಯದು. ಬಟ್ಟೆ ಒಗೆಯುವ ಹಲಗೆಯ ಹಾಗೆ ಅಡ್ಡಗೆರೆಗಳೆದ್ದ ದಾರಿ. ಮುಂದಿನ ಸೀಟಿನಲ್ಲಿ ಕುಳಿತ ನಮ್ಮವರೂ ಮಗನೂ ಹರಟೆ ಹೊಡೆಯುತ್ತಿದ್ದರು. ಹಿಂದೆ ಅತ್ತೆಯವರು ನನ್ನ ಮುಂಗೈಯನ್ನು ಹಿಡಿದಿದ್ದ ಬಿಗಿಗೆ ಬಳೆಯ ಗುರುತು ಚರ್ಮದಲ್ಲಿ ಮೂಡಿತ್ತು. ಮನೆಗೆ ಬಂದವರು ಎರಡು ದಿನ ಮಲಗಿದರು. "ನಮ್ಮ ಊರಿನ ಬಾಡಿಗೆ ಜೀಪೇ ಮೇಲು ಮಾರಾಯ್ತಿ," ಎಂದಷ್ಟೇ ಹೇಳಿದರು. ಒಳಗಡಲಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅದು ನನ್ನನ್ನು ಬಹಳ ಕಾಡಿತು. ಅವರ ವೀಸಾದಲ್ಲಿ ಉಳಿದಿದ್ದುದು ಒಂದೂವರೆ ತಿಂಗಳು. ಆ ವಯಸ್ಸಿನಲ್ಲಿ ಇನ್ನೊಮ್ಮೆ ಬರುತ್ತಾರೆಂದು ಯಾರು ಹೇಳಬಲ್ಲರು?

ಹೀಗೆ ನಾನು ಓದಲು ಕುಳಿತೆ. ಮೊದಲು ಅಚ್ಚರಿ ಹುಟ್ಟಿಸಿದ ಸಂಗತಿಯೆಂದರೆ ವಾಹನಗಳ ಚರಿತ್ರೆಯನ್ನು ಬರೆದವರಲ್ಲಿ ಬಹುತೇಕರು ಅದನ್ನು ಚಾಲಕನ ಸೀಟಿನಿಂದಲೇ ಬರೆದಿದ್ದಾರೆ. ಎಷ್ಟು ಕುದುರೆಬಲ, ಎಷ್ಟು ವೇಗ, ಯಾವ ದಿಬ್ಬ ಹತ್ತಿತು ಎಂಬುದೇ ಅಲ್ಲಿ ವಿಷಯ. ಹಿಂದೆ ಕುಳಿತವರ ನಡು ಏನಾಯಿತೆಂಬುದಕ್ಕೆ ಸಿಕ್ಕ ಸ್ಥಳ ಅಲ್ಪ. ಆದರೂ ಹುಡುಕಿದರೆ ಆ ಎಳೆ ಸಿಗುತ್ತದೆ.

ನನ್ನ ಬಾಲ್ಯದಲ್ಲಿ ತವರಿನ ಅಡಿಕೆ ಮೂಟೆಗಳು ಎತ್ತಿನ ಗಾಡಿಯಲ್ಲಿ ಪೇಟೆಗೆ ಹೋಗುತ್ತಿದ್ದವು. ಮರದ ಚಕ್ರ, ಅದರ ಸುತ್ತ ಕಬ್ಬಿಣದ ಪಟ್ಟಿ, ಇರುಸಿಗೆ ಕೀಲೆಣ್ಣೆ. ಇರುಸಿನ ಮೇಲೆ ನೇರವಾಗಿ ಗಾಡಿಯ ಚೌಕಟ್ಟು ಕುಳಿತಿರುತ್ತಿತ್ತು; ನಡುವೆ ಬಾಗುವ ವಸ್ತು ಒಂದೂ ಇಲ್ಲ. ಕಲ್ಲಿನ ಪೆಟ್ಟೆಲ್ಲವೂ ಕುಳಿತವನ ಬೆನ್ನಿಗೆ, ಎತ್ತಿನ ಹೆಗಲಿಗೆ. ಹೆಂಗಸರು ಮಕ್ಕಳು ಹತ್ತುವಾಗ ದಪ್ಪಗೆ ಬೈಹುಲ್ಲು ಹಾಸುತ್ತಿದ್ದರು. ಕುಂಬಾರರು ಮಡಕೆಗಳಿಗೆ ಮಾಡುತ್ತಿದ್ದುದೂ ಅದನ್ನೇ.

ಯುರೋಪಿನಲ್ಲಿ ಸಿರಿವಂತರ ಸಾರೋಟುಗಳನ್ನು ಬಹುಕಾಲ ಚರ್ಮದ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ತೊಟ್ಟಿಲಿನ ಹಾಗೆ ತೂಗಾಡಿ ವಾಂತಿ ಬರಿಸುವುದು ಅದರ ಗುಣ. 1804ರಲ್ಲಿ ಇಂಗ್ಲೆಂಡಿನ ಗಾಡಿ ತಯಾರಕ ಒಬದಾಯ ಎಲಿಯಟ್ ಎಂಬವನು ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅವುಗಳ ಮೂಲಕವೇ ಗಾಡಿಯನ್ನು ಇರುಸಿಗೆ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದಿಗೂ ಲಾರಿಗಳ ಅಡಿಯಲ್ಲಿ ಕಾಣುವ ಪ್ಲೇಟುಗಳ ಕಟ್ಟು, ಅಂದರೆ ಲೀಫ್ ಸ್ಪ್ರಿಂಗು, ಆ ವಂಶದ್ದೇ. ಮೈಸೂರಿನ ಟಾಂಗಾದ ಅಡಿಯಲ್ಲಿ ಬಗ್ಗಿ ನೋಡಿದವರಿಗೂ ಅದು ಪರಿಚಿತ.

ಎರಡನೆಯ ದೊಡ್ಡ ಹೆಜ್ಜೆ ಗಾಳಿಯದು. ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು 1845ರಲ್ಲೇ ಪೇಟೆಂಟ್ ಪಡೆದಿದ್ದರೂ ಲೋಕ ಅದನ್ನು ಮರೆತಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಾಪ್ ಅದನ್ನು ಮತ್ತೆ ಕಂಡುಹಿಡಿದ. ಕಾರಣ? ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲು ಕಲ್ಲು ಹಾಸಿದ ಬೀದಿಯಲ್ಲಿ ಕುಲುಕುತ್ತಿತ್ತು. ರೇಸು ಗೆಲ್ಲುವುದಕ್ಕಲ್ಲ, ಒಂದು ಮಗುವಿನ ಸುಖಕ್ಕಾಗಿ ಗಾಳಿಯ ಟೈರು ಎರಡನೆಯ ಬಾರಿ ಹುಟ್ಟಿತೆಂಬುದು ನನಗೆ ಬಹಳ ಹಿಡಿಸಿದ ವಿಷಯ. ಅದೇ ಡನ್‌ಲಾಪ್ ಹೆಸರು ಮುಂದೆ ನಮ್ಮ ಎತ್ತಿನ ಗಾಡಿಗಳಿಗೂ ಅಂಟಿಕೊಂಡು, ಟೈರು ಹಾಕಿದ ಗಾಡಿಯನ್ನು ಹಲವೆಡೆ ಡನ್‌ಲಾಪ್ ಗಾಡಿಯೆಂದೇ ಕರೆದರು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಗಾಗಿ ದೇಶದಾದ್ಯಂತ ವಾದಿಸಿದ್ದನ್ನು ಹಿರಿಯ ಓದುಗರು ಬಲ್ಲರು. ಜೆಟ್ ವಿಮಾನದ ಯುಗದಲ್ಲಿ ಎತ್ತಿನ ಗಾಡಿಯ ಬಗ್ಗೆ ಇವರಿಗೇನು ಹುಚ್ಚು ಎಂದು ನಕ್ಕವರೂ ಇದ್ದರು. ಹಗುರವಾದ ಚಕ್ರ, ಸರಾಗವಾದ ಬೇರಿಂಗು, ಎತ್ತಿನ ಕತ್ತಿಗೆ ನೋವಾಗದ ನೊಗ ಎಂಬ ಅವರ ಮಾತುಗಳಲ್ಲಿ, ಮಾತನಾಡಲಾರದ ಪ್ರಾಣಿಯ ಕಡೆಯಿಂದ ವಾಹನವನ್ನು ನೋಡುವ ದೃಷ್ಟಿಯಿತ್ತು.

ಇನ್ನು ಜೀಪಿನ ವಿಷಯ. 1940ರಲ್ಲಿ ಅಮೆರಿಕದ ಸೈನ್ಯವು ಸಣ್ಣದೊಂದು ನಾಲ್ಕು ಚಕ್ರ ಚಾಲನೆಯ ಗಾಡಿಯನ್ನು ಕೇಳಿತು; ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಕಂಪನಿ ಅದನ್ನು ಮಾಡಿತು, ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಕಟ್ಟಿದವು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಣ ದೂರ 80 ಇಂಚು, ಎರಡು ಮೀಟರಿಗೆ ಮೂರು ಸೆಂಟಿಮೀಟರು ಹೆಚ್ಚು. ನಾಲ್ಕೂ ಮೂಲೆಗಳಲ್ಲಿ ಬಿರುಸಾದ ಪ್ಲೇಟುಗಳ ಕಟ್ಟು. ಹಿಂದಿನ ಸೀಟು ಸರಿಯಾಗಿ ಹಿಂದಿನ ಚಕ್ರಗಳ ನಡುವೆ. ಸೈನಿಕರ ಬೆನ್ನಿನ ಬಗ್ಗೆ ಯೋಚಿಸಲು 49 ದಿನದಲ್ಲಿ ಯಾರಿಗೆ ಪುರುಸೊತ್ತು? ಯುದ್ಧಾನಂತರ ಸೈನ್ಯ ವಿಲೇವಾರಿ ಮಾಡಿದ ಜೀಪುಗಳೂ, 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ಮಹೀಂದ್ರದವರು ಜೋಡಿಸಿದ ಜೀಪುಗಳೂ ನಮ್ಮ ಘಟ್ಟದ ಮೇಲಿನ, ಕೆಳಗಿನ ತೋಟಗಳಿಗೆ ಬಂದವು. ಬಸ್ಸು ಕಾಣದ ಹಳ್ಳಿಗಳಿಗೆ ಅದೇ ಬಸ್ಸು, ಅದೇ ಆಂಬುಲೆನ್ಸು, ಅದೇ ಮದುವೆ ದಿಬ್ಬಣದ ರಥ.

ಸರಿಸುಮಾರು ಅದೇ ಕಾಲದಲ್ಲಿ ಕತಾರಿನಲ್ಲಿಯೂ ಒಂಟೆಯಿಂದ ಮೋಟಾರಿಗೆ ಬದಲಾವಣೆ ನಡೆಯುತ್ತಿತ್ತು. 1935ರಲ್ಲಿ ತೈಲ ಶೋಧನೆಯ ಒಪ್ಪಂದವಾಯಿತು. 1938ರಲ್ಲಿ ದುಖಾನಿನಲ್ಲಿ ಮೊದಲ ಬಾವಿಯನ್ನು ಕೊರೆಯತೊಡಗಿದರು. ಎಣ್ಣೆ ಸಿಕ್ಕಿತಾದರೂ ಯುದ್ಧದ ಕಾರಣ 1942ರಲ್ಲಿ ಬಾವಿಗಳನ್ನು ಮುಚ್ಚಬೇಕಾಯಿತು. ಮೊದಲ ಹಡಗಿಗೆ ಎಣ್ಣೆ ತುಂಬಿದ್ದು 1949ರ ಡಿಸೆಂಬರ್ 31ರಂದು, ಪೂರ್ವ ತೀರದ ಉಮ್ ಸಈದ್ ಬಂದರಿನಲ್ಲಿ. ಇಂದು ನಾವು ಮೆಸಯೀದ್ ಎನ್ನುವುದು ಅದನ್ನೇ. ದೇಶದ ಉದ್ದಗಲ ಸಣ್ಣದು. ಸುಮಾರು ಹನ್ನೊಂದೂವರೆ ಸಾವಿರ ಚದರ ಕಿಲೋಮೀಟರು, ಅತಿ ಎತ್ತರದ ಜಾಗವೂ ನೂರು ಮೀಟರಿಗಿಂತ ಸ್ವಲ್ಪವೇ ಮೇಲೆ. ಆದರೆ ಈ ಸಣ್ಣ ದೇಶದಲ್ಲಿ ಮೂರು ಬಗೆಯ ನೆಲವಿದೆ. ಉತ್ತರ ಮತ್ತು ಮಧ್ಯ ಭಾಗದಲ್ಲಿ ಕಲ್ಲುಜಲ್ಲಿ. ತಗ್ಗು ಪ್ರದೇಶಗಳಲ್ಲಿ ಸಬ್ಖಾ ಎಂಬ ಉಪ್ಪಿನ ನೆಲ. ಮೇಲೆ ಹಪ್ಪಳದಂತಹ ಗಟ್ಟಿ ಪದರ, ಕೆಳಗೆ ಕೆಸರು. ದಕ್ಷಿಣದಲ್ಲಿ, ಶಮಾಲ್ ಎಂಬ ವಾಯವ್ಯದ ಗಾಳಿ ದೂಡಿ ತಂದ, ಬಿದಿಗೆಯ ಚಂದ್ರನಾಕಾರದ ಮರಳ ದಿಬ್ಬಗಳು. ಕಲ್ಲಿಗೆ ಹಿತವಾದ ಗಾಡಿ ಮರಳಿಗೆ ಆಗುವುದಿಲ್ಲ, ಮರಳಿಗೆ ಹಿತವಾದದ್ದು ಉಪ್ಪು ನೆಲದಲ್ಲಿ ಹೂತುಹೋಗುತ್ತದೆ. ಒಂಟೆಯೊಂದೇ ಹೆಚ್ಚು ತಕರಾರಿಲ್ಲದೆ ನಡೆಯುವುದು. ಅದರ ಪಾದವನ್ನು ಹತ್ತಿರದಿಂದ ನೋಡಿದ್ದೀರಾ? ಅಗಲವಾದ, ಮೆತ್ತನೆಯ ದಿಂಬು. ಭಾರ ಬಿದ್ದಾಗ ಹರಡುತ್ತದೆ, ಎತ್ತಿದಾಗ ಕುಗ್ಗುತ್ತದೆ.

ಮೋಟಾರಿಗೆ ಆ ಪಾದವನ್ನು ತೊಡಿಸಿದವರಲ್ಲಿ ಪ್ರಸಿದ್ಧನೆಂದರೆ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ. 1920ರ ದಶಕದ ಕೊನೆಯಿಂದ ಈತ ಗೆಳೆಯರೊಡನೆ ಫೋರ್ಡ್ ಕಾರುಗಳಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರಳುಗಾಡಿನಲ್ಲಿ ಅಲೆದ. ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಅದು ಅಗಲವಾಗಿ ಹರಡಿ ಮರಳಿನ ಮೇಲೆ ತೇಲುವುದೆಂದೂ, ಹೂತುಹೋದಾಗ ಚಕ್ರದಡಿಗೆ ಉಕ್ಕಿನ ತಗಡಿನ ಹಳಿ ಇಡಬೇಕೆಂದೂ ಅನುಭವದಿಂದ ಕಲಿತ. 1940ರಲ್ಲಿ ಆತ ಕಟ್ಟಿದ ಮರುಭೂಮಿ ಗಸ್ತು ಪಡೆ ಇದೇ ವಿದ್ಯೆಯಿಂದ ಶತ್ರುವಿನ ಬೆನ್ನ ಹಿಂದೆ ಸುತ್ತಾಡಿತು. 1941ರಲ್ಲಿ ಮರಳು ಹೇಗೆ ಹಾರುತ್ತದೆ, ದಿಬ್ಬ ಹೇಗೆ ಚಲಿಸುತ್ತದೆ ಎಂಬುದರ ಮೇಲೆ ಆತ ಪ್ರಕಟಿಸಿದ ಗ್ರಂಥವನ್ನು ವಿಜ್ಞಾನಿಗಳು ಈಗಲೂ ಬಳಸುತ್ತಾರೆ. ಗಾಳಿ ಇಳಿಸಿದ ಟೈರು ಹೂತುಹೋಗದೆ ಸಾಗುವುದಷ್ಟೇ ಅಲ್ಲ, ಸಣ್ಣ ಕಲ್ಲುಗಳನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ. ಪೆಟ್ಟು ಸ್ಪ್ರಿಂಗಿನವರೆಗೂ ಬರುವುದೇ ಇಲ್ಲ. ಈ ಎರಡನೆಯ ಲಾಭದ ಕಡೆಗೆ ಪುಸ್ತಕ ಬರೆದ ಗಂಡಸರ ಗಮನ ಕಡಿಮೆ.

ಸಣ್ಣ ಗಾಡಿಯೇ ಏಕೆ ಹೆಚ್ಚು ಕುಲುಕಬೇಕು? ಈ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ನನಗೆ ಸಮಾಧಾನವಿರಲಿಲ್ಲ. ಅದನ್ನು ನನ್ನದೇ ಮಾತಿನಲ್ಲಿ ಹೇಳುತ್ತೇನೆ. ಎರಡೂವರೆ ಟನ್ನಿನ ದೊಡ್ಡ ಗಾಡಿಗೆ ನಾಲ್ಕು ಜನ ಹತ್ತಿದರೆ ಅದರ ತೂಕದಲ್ಲಿ ಅಂಥ ವ್ಯತ್ಯಾಸವಾಗದು. ಒಂದೇ ಟನ್ನಿನ ಗಾಡಿಗೆ ಅದೇ ನಾಲ್ವರು ಚೀಲ ಸಮೇತ ಹತ್ತಿದರೆ ಮೂರರಲ್ಲಿ ಒಂದು ಪಾಲು ತೂಕ ಹೆಚ್ಚುತ್ತದೆ. ಆ ತುಂಬಿದ ಭಾರವನ್ನು ತಡೆಯುವಷ್ಟು ಬಿರುಸಾದ ಸ್ಪ್ರಿಂಗನ್ನು ಹಾಕಲೇಬೇಕು. ಹಾಕಿದರೆ ಖಾಲಿಯಿದ್ದಾಗ ಅದು ಬಾಗುವುದೇ ಇಲ್ಲ. ಮತ್ತೆ, ಗುಡ್ಡ ಹತ್ತಲು ಬೇಕಾದ ಗಟ್ಟಿ ಉಕ್ಕಿನ ಆಕ್ಸಲ್ಲು ಚಕ್ರಗಳೊಡನೆ ಕುಣಿಯುತ್ತದೆ. ಮೇಲಿನ ಗಾಡಿ ಹಗುರವಾದಷ್ಟೂ ಕೆಳಗಿನ ಆ ಭಾರದ ಕುಣಿತಕ್ಕೆ ಅದು ಹೆಚ್ಚು ಹೆಚ್ಚು ಅಲುಗಾಡುತ್ತದೆ. ಮೂರನೆಯದು ಗಿಡ್ಡತನ. ಚಕ್ರಗಳು ಹತ್ತಿರ ಹತ್ತಿರವಿದ್ದರೆ ಗಾಡಿ ಏತದ ಹಾಗೆ ಮೂತಿ ಎತ್ತಿ ಬಾಲ ಇಳಿಸುತ್ತದೆ. ಏತದ ತುದಿಯಲ್ಲಿ ಕುಳಿತವರು ಯಾರು? ಹಿಂದಿನ ಸೀಟಿನವರು.

ಈ ಏತವನ್ನು ಅಡಗಿಸುವ ಉಪಾಯವನ್ನು ಮಾರಿಸ್ ಆಲಿ ಎಂಬ ಇಂಗ್ಲಿಷ್ ಎಂಜಿನಿಯರು 1930ರ ದಶಕದಲ್ಲಿ ಡೆಟ್ರಾಯಿಟಿನ ಜನರಲ್ ಮೋಟಾರ್ಸ್‌ನಲ್ಲಿದ್ದಾಗ ಕಂಡುಕೊಂಡ. ಉಬ್ಬನ್ನು ಮುಂದಿನ ಚಕ್ರ ಮೊದಲು ಏರುತ್ತದೆ, ಹಿಂದಿನದು ಕ್ಷಣ ತಡವಾಗಿ. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೃದುವಾಗಿದ್ದು ನಿಧಾನವಾಗಿ ತೂಗಿದರೆ, ತಡವಾಗಿ ಹೊರಟ ಹಿಂಭಾಗವು ಬೇಗ ಬೇಗ ತೂಗಿ ಮುಂಭಾಗದ ಜೊತೆ ಸೇರಿಕೊಳ್ಳುತ್ತದೆ. ಆಗ ಏತದಾಟ ನಿಂತು ಗಾಡಿ ಸಮವಾಗಿ ಏರಿಳಿಯುತ್ತದೆ. ತೂಗಾಟದ ವೇಗವೂ ಮುಖ್ಯ. ಸೆಕೆಂಡಿಗೆ ಒಂದು, ಒಂದೂಕಾಲು ಬಾರಿ ತೂಗಿದರೆ ಅದು ನಮಗೆ ಆಯಾಸ ತರುವುದಿಲ್ಲ. ಆದರೆ ಮೇಲೆ ಕೆಳಗೆ ಅಲುಗುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿಯಾದರೆ ದೇಹಕ್ಕೆ ಅತ್ಯಂತ ಅಸಹನೀಯವೆಂದು ಪ್ರಯೋಗಗಳು ತೋರಿಸಿದವು. 1974ರಲ್ಲಿ ಅದರ ಮೇಲೊಂದು ಅಂತರರಾಷ್ಟ್ರೀಯ ಮಾನದಂಡವೇ ಬಂದಿತು. ನಾನು ಝಕ್ರೀತಿನ ದಾರಿಯನ್ನು ನೆನೆದು ಅಡುಗೆಮನೆಯ ಲೆಕ್ಕದ ಪುಸ್ತಕದಲ್ಲಿ ಗುಣಿಸಿದೆ. ಗೆರೆಯಿಂದ ಗೆರೆಗೆ 80 ಸೆಂಟಿಮೀಟರೆಂದು ಹಿಡಿದರೆ, ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಏಳು ಪೆಟ್ಟು. ಮಗ ಅಜ್ಜಿಗೆ ನೋವಾಗದಿರಲೆಂದು ಜೋಪಾನವಾಗಿ ಓಡಿಸಿದ್ದು ಬಹುಶಃ ಆ ವೇಗದಲ್ಲೇ. ಪಾಪ, ಅವನ ತಪ್ಪೇನೂ ಇರಲಿಲ್ಲ. ಅಂದಹಾಗೆ, ಅಂಥ ಗೆರೆಗಳು ಏಕೆ ಏಳುತ್ತವೆಂಬುದನ್ನು 2007ರಲ್ಲಿ ಕೆಲವು ವಿಜ್ಞಾನಿಗಳು ಮರಳಿನ ತಟ್ಟೆಯ ಮೇಲೆ ಚಕ್ರ ಉರುಳಿಸಿ ಪರೀಕ್ಷಿಸಿದರು. ಒಂದು ಮಿತಿಯನ್ನು ದಾಟಿದ ವೇಗದಲ್ಲಿ, ಸ್ಪ್ರಿಂಗೇ ಇಲ್ಲದ ಚಕ್ರ ಕೂಡ ಗೆರೆ ಎಬ್ಬಿಸುತ್ತದೆ.

ಹಗುರ ಗಾಡಿ ಸುಖವಾಗಿರಲು ಸಾಧ್ಯವೇ ಇಲ್ಲವೆಂದು ಇದರಿಂದ ಭಾವಿಸಬಾರದು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1948ರಲ್ಲಿ ಹೊರತಂದ ಡ್ಯೂ ಶ್ವೋ ಎಂಬ ಬಡವರ ಕಾರಿಗೆ ಯಜಮಾನರು ವಿಧಿಸಿದ ಷರತ್ತು, ಉತ್ತ ಗದ್ದೆಯನ್ನು ದಾಟಿದರೂ ಬುಟ್ಟಿಯಲ್ಲಿಟ್ಟ ಮೊಟ್ಟೆ ಒಡೆಯಬಾರದೆಂಬುದಾಗಿತ್ತಂತೆ. ಮುಂದಿನ ಚಕ್ರವನ್ನೂ ಹಿಂದಿನ ಚಕ್ರವನ್ನೂ ಸ್ಪ್ರಿಂಗುಗಳ ಮೂಲಕ ಒಂದಕ್ಕೊಂದು ಜೋಡಿಸಿ ಅವರು ಅದನ್ನು ಸಾಧಿಸಿದರು. ಮೊಟ್ಟೆಯ ಲೆಕ್ಕ ಹಾಕಿದವರು ಮನೆವಾರ್ತೆ ಬಲ್ಲವರೇ ಇರಬೇಕು.

ಗುಡ್ಡಗಾಡಿನ ವಾಹನಗಳಿಗೆ ಮೃದುತ್ವ ಬಂದದ್ದು ನಿಧಾನವಾಗಿ. ಪ್ಲೇಟಿನ ಕಟ್ಟು ಎರಡು ಕೆಲಸ ಮಾಡುತ್ತದೆ, ಭಾರ ಹೊರುವುದು ಮತ್ತು ಆಕ್ಸಲ್ಲನ್ನು ಹಿಡಿದಿಡುವುದು. ಆದ್ದರಿಂದ ಅದನ್ನು ತೀರಾ ಮೆತ್ತಗೆ ಮಾಡಲಾಗದು. ಮೇಲಾಗಿ ಪ್ಲೇಟುಗಳು ಒಂದಕ್ಕೊಂದು ಉಜ್ಜುತ್ತವೆ. ತುಕ್ಕು ಹಿಡಿದರಂತೂ ಸಣ್ಣ ಪೆಟ್ಟಿಗೆ ಕದಲುವುದೇ ಇಲ್ಲ. ಸುರುಳಿ ಸ್ಪ್ರಿಂಗಿನಲ್ಲಿ ಈ ಎರಡು ಕೆಲಸಗಳು ಬೇರೆಯಾದವು. ಹಿಡಿದಿಡಲು ಬೇರೆ ಸರಳುಗಳು ಬಂದವು. 1970ರ ರೇಂಜ್ ರೋವರಿನಲ್ಲಿ ಅದು ಬಂದಾಗ ಜನ ಬೆರಗಾದರು. ಲ್ಯಾಂಡ್ ರೋವರಿಗೆ 1983ರಲ್ಲಿ, ಕೊಲ್ಲಿ ದೇಶಗಳ ಕಣ್ಮಣಿಯಾದ ಲ್ಯಾಂಡ್ ಕ್ರೂಸರಿನ ದೊಡ್ಡ ಮಾದರಿಗೆ 1990ರಲ್ಲಿ ನಾಲ್ಕೂ ಕಡೆ ಸುರುಳಿ ದೊರೆಯಿತು.

ಸಣ್ಣ ಗಾಡಿಗಳಲ್ಲಿ ಸುಜುಕಿಯವರದು ದೀರ್ಘ ವಂಶಾವಳಿ. ಹೋಪ್ ಮೋಟಾರ್ ಎಂಬ ಸಣ್ಣ ಕಂಪನಿಯ ವಿನ್ಯಾಸವನ್ನು ಕೊಂಡು 1970ರಲ್ಲಿ 359 ಸಿಸಿಯ ಎಲ್‌ಜೆ10 ತಂದರು. 1980ರ ದಶಕದ ಆರಂಭದ ಎಸ್‌ಜೆ ಮಾದರಿಯೇ 1985ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ಮಾರುತಿ ಜಿಪ್ಸಿಯಾಯಿತು. ಜಪಾನಿನ ಜಿಮ್ನಿಗೆ 1995ರಲ್ಲಿ ಸುರುಳಿ ಸ್ಪ್ರಿಂಗು ಬಂದರೂ ಜಿಪ್ಸಿ ಕೊನೆಯವರೆಗೂ ಪ್ಲೇಟುಗಳ ಮೇಲೆಯೇ ಓಡಿತು. ಸೈನ್ಯ, ಪೊಲೀಸು, ಅರಣ್ಯ ಸಫಾರಿ ಎಲ್ಲೆಡೆಯೂ ಅದು ಸಲ್ಲಿಸಿದ ಸೇವೆ ದೊಡ್ಡದು. ಆದರೆ ಹಿಂದೆ ಎದುರುಬದುರಾಗಿ ಹಾಕಿದ ಬೆಂಚಿನ ಮೇಲೆ, ಚಕ್ರದ ನೆತ್ತಿಯ ಮೇಲೆ ಕುಳಿತು ಹೋದವರಲ್ಲಿ ಅದರ ಹಿತದ ಬಗ್ಗೆ ವಿಚಾರಿಸದಿರುವುದು ಒಳ್ಳೆಯದು. 2023ರಲ್ಲಿ ಐದು ಬಾಗಿಲಿನ ಜಿಮ್ನಿ ಭಾರತದಲ್ಲಿ ತಯಾರಾದಾಗ ಚಕ್ರಗಳ ನಡುವಣ ದೂರವನ್ನು 340 ಮಿಲಿಮೀಟರು ಹೆಚ್ಚಿಸಿದರು. ಹಿಂದಿನ ಸೀಟಿನವರನ್ನು ಏತದ ತುದಿಯಿಂದ ಅಷ್ಟರಮಟ್ಟಿಗೆ ಒಳಗೆ ಎಳೆದಂತಾಯಿತು.

ಇಷ್ಟು ಓದಿಕೊಂಡು ನಾನು ಮಗನೊಡನೆ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಕಾಸರಗೋಡಿನವರು, ಕನ್ನಡ ಶಾಲೆಯಲ್ಲಿ ಓದಿದವರು. ನಾನು ಬಾಯಿ ತೆರೆದೊಡನೆ ಮಲಯಾಳವನ್ನು ಬಿಟ್ಟು ಕನ್ನಡಕ್ಕೆ ಇಳಿದರು. ಅಡಿಗೆ ತೂರಿ ಹೊರಬಂದು, "ಅಕ್ಕಾ, ಇದು ಗಾಡಿಯ ದೋಷ ಅಲ್ಲ. ಮೊದಲು ಇಟ್ಟುಕೊಂಡಿದ್ದವರು ಮುಂದೆ ಕಬ್ಬಿಣದ ಬಂಪರು, ವಿಂಚು ಎಲ್ಲ ಕೂರಿಸಿದ್ದಾರೆ. ಆ ಭಾರಕ್ಕೆ ಗಟ್ಟಿ ಸ್ಪ್ರಿಂಗು ಹಾಕಿದ್ದಾರೆ. ಮಾರುವಾಗ ಬಂಪರನ್ನೂ ವಿಂಚನ್ನೂ ಬಿಚ್ಚಿಕೊಂಡಿದ್ದಾರೆ, ಸ್ಪ್ರಿಂಗು ಹಾಗೆಯೇ ಉಳಿದಿದೆ," ಎಂದರು. ಇಲ್ಲದ ಭಾರವನ್ನು ಹೊರಲು ಸಿದ್ಧವಾಗಿ ನಿಂತಿದ್ದ ಸ್ಪ್ರಿಂಗು! ಮುಂಭಾಗ ಬಿರುಸು, ಹಿಂಭಾಗ ಮೆದು. ಆಲಿ ಹೇಳಿದ್ದಕ್ಕೆ ಸರಿಯಾಗಿ ತದ್ವಿರುದ್ಧ. ಅಲ್ಲದೆ ಹಿಂದಿನ ಒಂದು ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿ ಬರಿದಾಗಿತ್ತು, ಸರಳುಗಳ ತುದಿಯ ರಬ್ಬರ್ ಬುಷ್‌ಗಳು ಮರುಭೂಮಿಯ ಬಿಸಿಲಿಗೆ ಒಣಗಿ ಕಲ್ಲಾಗಿದ್ದವು. ಮಗ ಇನ್ನೂ ದುಬಾರಿಯಾದ, ಇನ್ನೂ ಎತ್ತರದ ಯಾವುದೋ ಸ್ಪ್ರಿಂಗಿನ ಜೋಡಿಯನ್ನು ತರಿಸಬೇಕೆಂದಿದ್ದ. ನಾನು ಬಿಡಲಿಲ್ಲ. ಕಾರ್ಖಾನೆಯಿಂದ ಬಂದಾಗ ಇದ್ದಂಥದೇ ಸ್ಪ್ರಿಂಗು, ಅಳತೆಗೆ ತಕ್ಕ ನಾಲ್ಕು ಶಾಕ್ ಅಬ್ಸಾರ್ಬರು, ಹೊಸ ರಬ್ಬರು. ಮಾಡಿನ ಮೇಲಿನ ಭಾರದ ಕ್ಯಾರಿಯರನ್ನೂ ಇಳಿಸಿದೆವು. ಅದಿಲ್ಲದಿದ್ದರೆ ಗಾಡಿಗೆ ಗತ್ತಿಲ್ಲವೆಂಬುದು ಮಗನ ಅಭಿಪ್ರಾಯ. ಅದನ್ನು ಇಲ್ಲಿ ದಾಖಲಿಸಿದ್ದೇನೆ, ನಾಳೆ ಅವನು ನನ್ನನ್ನು ದೂರಬಾರದು.

ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಈ ಸಂಶೋಧನೆಗಳನ್ನೆಲ್ಲ ಅತ್ತೆಯವರಿಗೆ ವಿವರಿಸಿದೆ. ಬ್ಯಾಗ್ನಾಲ್ಡನ ಟೈರಿನ ಕತೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಸಾರನ್ನವನ್ನು ಕಲಸುತ್ತ, "ಅದೆಲ್ಲ ನಮ್ಮ ಜೀಪಿನವನಿಗೂ ಗೊತ್ತಿತ್ತು," ಎಂದರು.

1967ರ ಮಳೆಗಾಲದಲ್ಲಿ ಮಾವನವರು ತೋಟದಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಹಲಗೆಗೆ ಕಟ್ಟಿ ಬಾಡಿಗೆ ಜೀಪಿನಲ್ಲಿ ಅಡ್ಡ ಮಲಗಿಸಿ ಪುತ್ತೂರಿಗೆ ಹೊರಟದ್ದು. ಅತ್ತೆಯವರಿಗೆ ಆಗ ಇಪ್ಪತ್ತೆರಡು ವರ್ಷ. ಹಿಂದೆ ಕುಳಿತು ಗಂಡನ ಕಾಲನ್ನು ಮಡಿಲಿನಲ್ಲಿಟ್ಟುಕೊಂಡಿದ್ದರು. ಪ್ರತಿ ಹೊಂಡಕ್ಕೂ ಅವರು ಕಿರುಚುತ್ತಿದ್ದರಂತೆ. ಒಂದು ಮೈಲು ಹೋಗುವಷ್ಟರಲ್ಲಿ ಡ್ರೈವರು ಜೀಪನ್ನು ನಿಲ್ಲಿಸಿ ಮಳೆಯಲ್ಲೇ ಇಳಿದ. ನಾಲ್ಕೂ ಚಕ್ರಗಳ ಬಳಿ ಕುಳಿತು, ಉಸ್ಸೆಂದು ಗಾಳಿ ಬಿಟ್ಟ. ಆಮೇಲೆ ದಾರಿಬದಿಯ ಅಂಗಡಿಯಿಂದ ಎರಡು ಮೂಟೆ ಹೊಟ್ಟು ತಂದು ಹಿಂದೆ ಇಟ್ಟ. ಜೀಪು ಖಾಲಿಯಿದ್ದರೆ ಕುಣಿಯುತ್ತದೆ, ಭಾರ ಇದ್ದರೆ ಮಲಗುತ್ತದೆ ಎಂದನಂತೆ. ಪುತ್ತೂರು ಮುಟ್ಟುವವರೆಗೆ ಮಾವನವರು ನರಳಿದರೇ ವಿನಾ ಕಿರುಚಲಿಲ್ಲ. "ಝಕ್ರೀತಿಗೆ ಹೋದ ದಿನವೇ ಹೇಳಬೇಕು ಅಂತ ಇದ್ದೆ, ಸ್ವಲ್ಪ ಗಾಳಿ ಬಿಡು ಅಂತ. ಮುಂದೆ ಕೂತವರಿಗೆ ಎಲ್ಲ ಗೊತ್ತಿರುತ್ತದೆ ಅಂತ ಸುಮ್ಮನಾದೆ."

"ಅತ್ತೆ, ನೀವು ಹೇಳಬೇಕಿತ್ತು," ಎಂದೆ. ಮೂರು ವಾರಗಳ ನನ್ನ ಓದು ಆ ಊಟದ ಮಣೆಯ ಮುಂದೆ ತಲೆತಗ್ಗಿಸಿ ಕುಳಿತಿತ್ತು. ನಮ್ಮವರು ತಮ್ಮ ತಂದೆಯ ಈ ಕತೆಯನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡು ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದರು.

2025ರ ಜನವರಿಯ ಕೊನೆಯ ಶುಕ್ರವಾರ, ಹಿಂದಿನ ರಾತ್ರಿ ಮಳೆ ಬಿದ್ದು ಮರಳು ಸ್ವಲ್ಪ ಗಟ್ಟಿಯಾಗಿದ್ದ ದಿನ, ಖೋರ್ ಅಲ್ ಅದೈದಿಗೆ ಹೊರಟೆವು. ಇಂಥ ದಾರಿಗೆ ಒಂಟಿ ಗಾಡಿಯಲ್ಲಿ ಹೋಗಬಾರದು. ಮಗನ ಗೆಳೆಯರ ಎರಡು ಗಾಡಿಗಳು ಜೊತೆಗಿದ್ದವು. ಮೆಸಯೀದ್ ದಾಟಿ ಸೀಲೈನಿನಲ್ಲಿ ಡಾಮರು ಮುಗಿಯುತ್ತದೆ. ಅಲ್ಲಿ ನಿಂತು ಟೈರುಗಳನ್ನು 26ರಿಂದ 15 ಪೌಂಡಿಗೆ ಇಳಿಸಿದೆವು. ಅತ್ತೆಯವರು ತಾವೇ ಇಳಿದು ಬಂದು ಒಂದೊಂದು ಟೈರನ್ನೂ ಊರುಗೋಲಿನಿಂದ ತಟ್ಟಿ ನೋಡಿದರು. ಸೀಟಿನ ವ್ಯವಸ್ಥೆಯಲ್ಲಿಯೂ ಒಂದು ಬದಲಾವಣೆ ಮಾಡಿದ್ದೆ: ಮುಂದಿನ ಸೀಟು ಅತ್ತೆಯವರಿಗೆ, ಸೊಂಟಕ್ಕೆ ಒಂದು ಗಟ್ಟಿ ದಿಂಬು. ನಮ್ಮವರು ನನ್ನ ಜೊತೆ ಹಿಂದೆ. ಮೊದಲ ದಿಬ್ಬ ಇಳಿಯುವಾಗಲೇ ಅವರು ಮಾಡಿನ ಹಿಡಿಕೆಯನ್ನು ಹುಡುಕಿದ್ದನ್ನು ನಾನು ನೋಡಿದೆ, ಏನೂ ಹೇಳಲಿಲ್ಲ.

ದಿಬ್ಬಗಳ ಕಡಿದಾದ ಇಳಿಜಾರನ್ನು ಮಗ ಹತ್ತಲಿಲ್ಲ. ಗಾಳಿ ಒತ್ತಿ ಗಟ್ಟಿ ಮಾಡಿದ ಬೆನ್ನಿನ ಮೇಲೆಯೇ ಬಳಸಿಕೊಂಡು ಹೋದ. ಗಾಡಿ ಕುಲುಕಲಿಲ್ಲವೆಂದರೆ ಸುಳ್ಳಾದೀತು. ಆದರೆ ಪೆಟ್ಟು ಇರಲಿಲ್ಲ, ದೋಣಿಯ ಏರಿಳಿತದಂತಿತ್ತು. ಕೊನೆಯ ದಿಬ್ಬದ ನೆತ್ತಿಯ ಮೇಲೆ ನಿಂತಾಗ ಕೆಳಗೆ ಹಸುರುನೀಲಿ ನೀರು, ಅದರಾಚೆ ಸೌದಿ ಅರೇಬಿಯಾದ ಬೆಟ್ಟಸಾಲು. ಅತ್ತೆಯವರು ಚಪ್ಪಲಿ ಕಳಚಿ ನೀರಿಗಿಳಿದು, ಬೊಗಸೆಯಲ್ಲಿ ಎತ್ತಿ ತಲೆಗೆ ಪ್ರೋಕ್ಷಿಸಿಕೊಂಡರು. ಸಮುದ್ರವೆಂದ ಮೇಲೆ ಸಮುದ್ರವೇ, ಯಾವ ದೇಶದಲ್ಲಿದ್ದರೇನು ಎಂದರು. ನಾನು ತಂದಿದ್ದ ಅವಲಕ್ಕಿ, ಬಾಳೆಹಣ್ಣು ಅಲ್ಲೇ ಖರ್ಚಾಯಿತು.

ಹಿಂದಿರುಗುವಾಗ ಸೀಲೈನಿನ ದಾರಿಬದಿಯ ಅಂಗಡಿಯಲ್ಲಿ ಟೈರುಗಳಿಗೆ ಮತ್ತೆ ಗಾಳಿ ತುಂಬಿಸಬೇಕು. ಗಾಳಿ ಕಡಿಮೆಯಿರುವ ಟೈರಿನಲ್ಲಿ ಹೆದ್ದಾರಿಯ ವೇಗಕ್ಕೆ ಹೋದರೆ ಅದು ಕಾದು ಒಡೆಯುತ್ತದೆ. ಕಂಪ್ರೆಸರು ಗುಡುಗುಡು ಸದ್ದು ಮಾಡುತ್ತಿತ್ತು; ಗಾಡಿ ಒಂದೊಂದು ಮೂಲೆಯಲ್ಲಿ ಮೆಲ್ಲನೆ ಮೇಲೇಳುತ್ತಿತ್ತು. ಹುಡುಗನಿಗೆ ಹಣ ಕೊಟ್ಟು ತಿರುಗಿ ನೋಡಿದರೆ ಅತ್ತೆಯವರು ದಿಂಬಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಬಾಗಿಲು ಹಾಕಿದ ಸದ್ದಿಗೂ ಏಳಲಿಲ್ಲ.